ಹಳೆಯ ಸಮಾಧಿಭೂಮಿಯಲ್ಲಿ ಜಿಪಿಎಸ್ ಹುಡುಕಾಟ: ಕೊನೆಯಲ್ಲಿ ಡಬ್ಬಿ ಬೇಕೇ, ಕಲ್ಲುಗಳೇ ಸಾಕೇ?

ಶಿಲಾವಾಚಕ ಬರೆದದ್ದು:

ಸ್ನೇಹಿತರೇ, ಬಹಳ ಹಳೆಯದಾದ ಸಮಾಧಿಭೂಮಿಯೊಂದನ್ನು ನೋಡಿಕೊಳ್ಳುತ್ತಿರುವ ಸಮಿತಿಯವರು, ಅಲ್ಲಿ ಜಿಪಿಎಸ್ ಆಧಾರದ ಹುಡುಕಾಟವೊಂದನ್ನು ರೂಪಿಸಿಕೊಡುವಂತೆ ನನ್ನನ್ನು ಕೇಳಿದ್ದಾರೆ. ಬಂದವರೆಲ್ಲ ಹೆಬ್ಬಾಗಿಲ ಬಳಿಯ ಎರಡು ದೊಡ್ಡ ಸ್ಮಾರಕಗಳ ಮುಂದೆ ನಿಂತು, ಚಿತ್ರ ತೆಗೆದುಕೊಂಡು ಹಿಂದಿರುಗುತ್ತಾರೆ. ಒಳಗಿನ ಸಾಲುಗಳಲ್ಲಿ ಮಲಗಿರುವ ನೂರಾರು ಮಂದಿಯ ಹೆಸರನ್ನು ಓದುವವರೇ ಇಲ್ಲ ಎಂಬುದು ಅವರ ಕೊರಗು. ಲಿಖಿತ ಅನುಮತಿ ದೊರೆತಿದೆ, ಸಾಲುಗಳ ನಕಾಶೆಯೂ ಕೈಸೇರಿದೆ. ನನ್ನನ್ನು ಕಾಡುತ್ತಿರುವ ಪ್ರಶ್ನೆ ಒಂದೇ: ಹುಡುಕಾಟದ ಕೊನೆಯಲ್ಲಿ ಡಬ್ಬಿಯೊಂದನ್ನು ಇಡಬೇಕೇ? ಇಡುವುದಾದರೆ ಎಲ್ಲಿ?

ಈ ಹವ್ಯಾಸದ ಪರಿಚಯವಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ನಾಗರಿಕರ ಬಳಕೆಗೆ ಸಿಗುತ್ತಿದ್ದ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಮೆರಿಕ ಸರ್ಕಾರ 2000ದ ಮೇ ತಿಂಗಳ ಆರಂಭದಲ್ಲಿ ನಿಲ್ಲಿಸಿತು. ಮೇ 3ರಂದು ಡೇವ್ ಅಲ್ಮರ್ ಎಂಬುವರು ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಬಕೆಟ್ಟೊಂದನ್ನು ಅರೆಬರೆ ಹೂತು, ಅದರಲ್ಲಿ ಪುಸ್ತಕ, ಸಾಫ್ಟ್‌ವೇರ್, ಒಂದು ಕವಣೆ, ಬೀನ್ಸ್ ತುಂಬಿದ ಡಬ್ಬ ಮುಂತಾದವನ್ನಿಟ್ಟು, ಆ ಜಾಗದ ನಿರ್ದೇಶಾಂಕಗಳನ್ನು (ಅಕ್ಷಾಂಶ, ರೇಖಾಂಶ) ಅಂತರಜಾಲದಲ್ಲಿ ಪ್ರಕಟಿಸಿದರು. ಅದೇ ತಿಂಗಳ ಕೊನೆಗೆ ಈ ಆಟಕ್ಕೆ ಜಿಯೋಕ್ಯಾಶಿಂಗ್ ಎಂಬ ಹೆಸರು ಬಂತು. ಜಿಪಿಎಸ್ ಹಿಡಿದು ಹೋಗಿ, ಅಡಗಿಸಿಟ್ಟ ಡಬ್ಬಿಯನ್ನು ಹುಡುಕಿ, ಅದರೊಳಗಿನ ಚೀಟಿಯಲ್ಲಿ ಹೆಸರು ಬರೆಯುವುದೇ ಆಟ. ಮೊದಲ ಬಕೆಟ್ಟೇ ಮಣ್ಣಿನಲ್ಲಿತ್ತಾದರೂ ಇಂದಿನ ನಿಯಮಗಳ ಪ್ರಕಾರ ನೆಲದ ಒಡೆಯರ ಒಪ್ಪಿಗೆಯಿಲ್ಲದೆ ಡಬ್ಬಿಗಾಗಿ ನೆಲ ಅಗೆಯುವಂತಿಲ್ಲ; ಸಮಾಧಿಗಳ ನಡುವೆಯಂತೂ ಆ ಮಾತನ್ನೇ ಎತ್ತಬಾರದು. ಕನ್ನಡದಲ್ಲಿ ಇದನ್ನು ‘ನಿಧಿಶೋಧ’ ಎಂದು ಕರೆಯಲು ನನಗೆ ಹಿಂಜರಿಕೆಯಾಗುವುದು ಈ ಕಾರಣಕ್ಕೇ. ಗೋರಿಯ ಪಕ್ಕದಲ್ಲಿ ಆ ಪದವನ್ನು ಉಚ್ಚರಿಸಿದರೆ ಕೇಳಿದವರಿಗೆ ಹಾರೆ, ಗುದ್ದಲಿ, ಅಮಾವಾಸ್ಯೆಯ ರಾತ್ರಿ ನೆನಪಾಗುತ್ತವೆ. ಆದ್ದರಿಂದ ಇಲ್ಲಿ ‘ಹುಡುಕಾಟ’ ಎಂದಷ್ಟೇ ಬರೆಯುತ್ತಿದ್ದೇನೆ.

ನನ್ನ ಹಿಂಜರಿಕೆಗೆ ಇನ್ನೊಂದು ಕಾರಣವೂ ಉಂಟು. ಹಲವು ವರ್ಷಗಳ ಹಿಂದೆ ನಾನು ಭಾಗವಹಿಸಿದ ಇಂತಹದೇ ಹುಡುಕಾಟವೊಂದರಲ್ಲಿ ಬೆರಳಿನ ಗಾತ್ರದ ಡಬ್ಬಿಯೊಂದನ್ನು ಸಮಾಧಿಯ ಪೀಠದ ಸಂದಿನಲ್ಲಿ ಸಿಕ್ಕಿಸಿದ್ದರು. ನಾನು ಅಲ್ಲಿಗೆ ಹೋಗುವಷ್ಟರಲ್ಲಿ, ನನಗಿಂತ ಮೊದಲು ಬಂದವರು ಆ ಸಂದಿಗಾಗಿ ಸುತ್ತಲಿನ ನಾಲ್ಕು ಸಮಾಧಿಗಳ ಅಂಚುಗಲ್ಲುಗಳನ್ನೂ ಅಲುಗಾಡಿಸಿ ನೋಡಿದ್ದರೆಂಬುದು ಹುಲ್ಲಿನ ಮೇಲಿದ್ದ ಹಸಿ ಮಣ್ಣಿನಿಂದಲೇ ತಿಳಿಯುತ್ತಿತ್ತು. ಡಬ್ಬಿ ನನಗೂ ಸಿಕ್ಕಿತು, ಚೀಟಿಯಲ್ಲಿ ಹೆಸರನ್ನೂ ಬರೆದೆ. ಆದರೆ ಆ ಸಮಾಧಿ ಯಾರದೆಂದು ಇವತ್ತಿಗೂ ನನಗೆ ತಿಳಿಯದು. ಅಲ್ಲಿ ನಿಂತಿದ್ದ ಹದಿನೈದು ನಿಮಿಷಗಳಲ್ಲಿ ನಾನು ಒಂದು ಅಕ್ಷರವನ್ನೂ ಓದಿರಲಿಲ್ಲ.

ಹತ್ತು ಮೀಟರ್ ಬರೆದದ್ದು:

ಡಬ್ಬಿಯ ಪ್ರಶ್ನೆಯನ್ನು ತಾಂತ್ರಿಕವಾಗಿಯೇ ಬಗೆಹರಿಸಬಹುದೆಂದು ನನಗೆ ತೋರುತ್ತದೆ. ಬಯಲಿನಲ್ಲಿ ನಿಂತ ಮೊಬೈಲು ನಾಲ್ಕೈದು ಮೀಟರುಗಳ ಒಳಗೆ ಸ್ಥಳವನ್ನು ತೋರಿಸಬಲ್ಲದು. ಹಳೆಯ ಸಮಾಧಿಭೂಮಿಗಳಲ್ಲಿ ಸಾಮಾನ್ಯವಾಗಿರುವ ದಟ್ಟ ಮರಗಳ ಕೆಳಗೆ, ಎತ್ತರದ ಗೋಡೆಗಳ ಮಗ್ಗುಲಲ್ಲಿ ಅದೇ ಸಾಧನ ಹತ್ತು ಹದಿನೈದು ಮೀಟರು ಆಚೀಚೆ ಓಲಾಡುತ್ತದೆ. ಸುಮಾರು 20,200 ಕಿಲೋಮೀಟರ್ ಎತ್ತರದ ಉಪಗ್ರಹದಿಂದ ಹೊರಟ ಕ್ಷೀಣ ಸಂಕೇತವನ್ನು ಒದ್ದೆ ಎಲೆಗಳು ಮತ್ತಷ್ಟು ಕುಂದಿಸುತ್ತವೆ, ಕಲ್ಲಿನ ಗೋಡೆಗೆ ಬಡಿದು ಬಂದ ಸಂಕೇತವು ನೇರವಾಗಿ ಬಂದದ್ದಕ್ಕಿಂತ ತಡವಾಗಿ ತಲುಪುತ್ತದೆ, ಆ ವಿಳಂಬವನ್ನು ಸಾಧನವು ದೂರವೆಂದೇ ತಪ್ಪಾಗಿ ಎಣಿಸುತ್ತದೆ. ಸಮಾಧಿಗಳ ಸಾಲುಗಳ ನಡುವಿನ ಅಂತರ ಎರಡು ಮೂರು ಮೀಟರು ಮಾತ್ರ. ಅಂದರೆ ನೀವು ಎಷ್ಟೇ ಎಚ್ಚರಿಕೆಯಿಂದ ನಿರ್ದೇಶಾಂಕ ಕೊಟ್ಟರೂ ಹುಡುಕುವವರ ಮುಂದೆ ಹತ್ತಿಪ್ಪತ್ತು ಕಲ್ಲುಗಳಿರುತ್ತವೆ, ಮತ್ತು ಡಬ್ಬಿಗಾಗಿ ಬಂದವರು ಆ ಎಲ್ಲ ಕಲ್ಲುಗಳನ್ನೂ ಮುಟ್ಟುತ್ತಾರೆ. ಓದಲು ಬಂದವರಾದರೆ ಆ ಎಲ್ಲ ಕಲ್ಲುಗಳನ್ನೂ ಓದುತ್ತಾರೆ. ಒಂದೇ ದೋಷ ಮೊದಲನೆಯ ಸಂದರ್ಭದಲ್ಲಿ ಹಾನಿಯನ್ನೂ ಎರಡನೆಯದರಲ್ಲಿ ಲಾಭವನ್ನೂ ತರುತ್ತದೆ.

ಆದ್ದರಿಂದ ನಿರ್ದೇಶಾಂಕವು ಹುಡುಕುವವರನ್ನು ಕಲ್ಲಿನ ನೆರೆಹೊರೆಯವರೆಗೆ ಮಾತ್ರ ಕರೆದೊಯ್ಯಲಿ, ಅಲ್ಲಿಂದ ಮುಂದಕ್ಕೆ ನಿಮ್ಮ ವಿವರಣೆ ಕೈಹಿಡಿಯಲಿ. ‘ಮುರಿದ ಕಂಬದ ಆಕಾರದ ಸ್ಮಾರಕವನ್ನು ನೋಡಿ’ ಎಂದರೆ ಸಾಕು, ಆದರೆ ಸುತ್ತಲಿನ ಹದಿನೈದು ಮೀಟರ್ ಒಳಗೆ ಅಂತಹ ಇನ್ನೊಂದು ಕಂಬವಿಲ್ಲವೆಂದು ಖಚಿತಪಡಿಸಿಕೊಳ್ಳಿ. ಅಳತೆಯನ್ನು ಬೇರೆ ಬೇರೆ ದಿನಗಳಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ಮೂರು ಬಾರಿಯಾದರೂ ತೆಗೆದು ಸರಾಸರಿ ಹಿಡಿಯಿರಿ; ಒಂದೇ ಹೊತ್ತಿನಲ್ಲಿ ಬೆನ್ನುಬೆನ್ನಿಗೆ ಮೂರು ಸಲ ತೆಗೆದರೆ ಉಪಗ್ರಹಗಳ ವಿನ್ಯಾಸವೂ ಹೆಚ್ಚು ಬದಲಾಗಿರುವುದಿಲ್ಲ, ತಪ್ಪೂ ಹೆಚ್ಚು ಬದಲಾಗಿರುವುದಿಲ್ಲ.

ಮೂರನೆಯ ಸಾಲು ಬರೆದದ್ದು:

ನನ್ನ ಮಾತು ಇಲ್ಲಿ ಕೆಲವರಿಗೆ ರುಚಿಸಲಾರದು. ನನ್ನ ಮುತ್ತಜ್ಜಿ ಇಂತಹದೇ ಒಂದು ಹಳೆಯ ಸಮಾಧಿಭೂಮಿಯ ಮೂರನೆಯ ಸಾಲಿನಲ್ಲಿದ್ದಾಳೆ. ಒಮ್ಮೆ ಅಲ್ಲಿಗೆ ಹೋದಾಗ ಇಬ್ಬರು ಯುವಕರು ಆಕೆಯ ಕಲ್ಲಿನ ಮುಂದೆ ಕುಳಿತು, ಹುಡುಕಾಟದ ಮುಂದಿನ ನಿರ್ದೇಶಾಂಕವನ್ನು ಪಡೆಯಲೆಂದು, ಆಕೆ ಸತ್ತ ವರ್ಷದಿಂದ ಹುಟ್ಟಿದ ವರ್ಷವನ್ನು ಕಳೆದು, ಬಂದ ಉತ್ತರವನ್ನು ಏಳರಿಂದ ಗುಣಿಸುತ್ತಿದ್ದರು. ಅವರು ಅಸಭ್ಯವಾಗಿ ನಡೆದುಕೊಳ್ಳಲಿಲ್ಲ, ನನ್ನನ್ನು ಕಂಡು ಎದ್ದು ನಿಂತರು ಕೂಡ. ಆದರೂ ನಲವತ್ತೊಂದು ವರ್ಷ ಬದುಕಿ ಆರು ಮಕ್ಕಳನ್ನು ಹೆತ್ತ ಹೆಂಗಸು ಯಾರದೋ ಲೆಕ್ಕದಲ್ಲಿ ಒಂದು ಅಂಕಿಯಾಗಿ ಉಳಿದಳಲ್ಲ ಎಂಬ ನೋವು ನನ್ನನ್ನು ಬಹಳ ದಿನ ಬಿಡಲಿಲ್ಲ.

ಈ ಅಸಮಾಧಾನ ನನ್ನೊಬ್ಬನದಲ್ಲ. ಅಮೆರಿಕದ ಸೌತ್ ಕೆರೊಲಿನಾ ರಾಜ್ಯದಲ್ಲಿ 2005ರಲ್ಲಿ, ಅನುಮತಿಯಿಲ್ಲದೆ ಸಮಾಧಿಭೂಮಿಗಳಲ್ಲಿ ಮತ್ತು ಪುರಾತತ್ತ್ವ ನೆಲೆಗಳಲ್ಲಿ ಈ ಆಟವಾಡುವುದನ್ನು ಅಪರಾಧವೆಂದು ಪರಿಗಣಿಸುವ ಮಸೂದೆಯೊಂದನ್ನು ಕೆಳಮನೆ ಅಂಗೀಕರಿಸಿತ್ತು. ಸೆನೆಟ್ಟಿನಲ್ಲಿ ಅದಕ್ಕೆ ಒಪ್ಪಿಗೆ ಸಿಗದೆ ಕಾನೂನಾಗಲಿಲ್ಲ ನಿಜ, ಆದರೆ ಅಂತಹ ಮಸೂದೆ ಹುಟ್ಟುವ ಮಟ್ಟಿಗೆ ಜನ ಬೇಸತ್ತಿದ್ದರು ಎಂಬುದನ್ನು ಆಟಗಾರರು ಮರೆಯಬಾರದು.

ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಇತ್ತೀಚಿನ ಸಮಾಧಿಗಳನ್ನು, ಹೂವಿಡಲು ಇಂದಿಗೂ ಯಾರಾದರೂ ಬರುವ ಸಮಾಧಿಗಳನ್ನು, ಮಕ್ಕಳ ಸಮಾಧಿಗಳನ್ನು ಪಟ್ಟಿಯಿಂದ ತೆಗೆದುಬಿಡಿ. ಮತ್ತು ದಯವಿಟ್ಟು ಕಲ್ಲಿನ ಮೇಲಿರುವುದನ್ನು ಬರಿಯ ಸಂಖ್ಯೆಯಾಗಿ ಬಳಸಬೇಡಿ.

ಪಾಚಿಗಣ್ಣು ಬರೆದದ್ದು:

‘ಮೂರನೆಯ ಸಾಲು’ ಅವರ ಕೊನೆಯ ವಾಕ್ಯವನ್ನೇ ಹಿಡಿದು ಹೇಳುವುದಾದರೆ, ಕಲ್ಲಿನ ಮೇಲೆ ಸಂಖ್ಯೆಗಿಂತ ಎಷ್ಟೋ ಹೆಚ್ಚಿನದಿದೆ. ನಾನು ಹಳೆಯ ಸಮಾಧಿಕಲ್ಲುಗಳ ದಾಖಲೀಕರಣಕ್ಕೆ ಸ್ವಯಂಸೇವಕನಾಗಿ ಹೋಗುವವನು. ಹುಡುಕಾಟದ ಪ್ರಶ್ನೆಗಳನ್ನು ಯಾರಾದರೂ ನನ್ನಿಂದ ಬರೆಸಿದರೆ ಮೂರು ವಿಷಯಗಳ ಸುತ್ತಲೇ ಬರೆಯುತ್ತೇನೆ: ಕಲ್ಲು ಯಾವುದು, ಕೆತ್ತನೆ ಏನು, ಪದಗಳು ಯಾವುವು.

ಮೊದಲು ಕಲ್ಲು. ಸ್ಲೇಟು ಪದರ ಪದರವಾಗಿ ಸಿಪ್ಪೆ ಏಳುತ್ತದೆ, ಆದರೆ ಏಳದ ಕಡೆಗಳಲ್ಲಿ ಮುನ್ನೂರು ವರ್ಷಗಳ ಹಿಂದಿನ ಅಕ್ಷರವೂ ನಿನ್ನೆ ಕೆತ್ತಿದಂತಿರುತ್ತದೆ. ಅಮೃತಶಿಲೆ ಹಾಗಲ್ಲ, ಅದು ಕ್ಯಾಲ್ಸೈಟಿನಿಂದಾದುದರಿಂದ ಆಮ್ಲೀಯ ಮಳೆಗೆ ಸಕ್ಕರೆಯಂತೆ ಹರಳು ಹರಳಾಗಿ ಉದುರುತ್ತದೆ. ಸೀಸದ ಅಕ್ಷರಗಳನ್ನು ಅಮೃತಶಿಲೆಯಲ್ಲಿ ಕೂರಿಸಿದ್ದರೆ ಈ ಸವೆತವನ್ನು ಕಣ್ಣಾರೆ ಅಳೆಯಬಹುದು: ಕೂರಿಸಿದ ದಿನ ಕಲ್ಲಿನ ಮಟ್ಟಕ್ಕೇ ಇದ್ದ ಸೀಸ ಈಗ ಉಬ್ಬಿ ನಿಂತಂತೆ ಕಾಣುತ್ತದೆ, ಏಕೆಂದರೆ ಹಿಂದೆ ಸರಿದದ್ದು ಕಲ್ಲು. ಇನ್ನು ನನಗೆ ಅತ್ಯಂತ ಪ್ರಿಯವಾದದ್ದು ‘ಬಿಳಿ ಕಂಚು’ ಎಂಬ ಹೆಸರಿನಲ್ಲಿ ಮಾರಾಟವಾದ ಸತುವಿನ ಸ್ಮಾರಕಗಳು. ಅಮೆರಿಕದ ಬ್ರಿಡ್ಜ್‌ಪೋರ್ಟಿನಲ್ಲಿದ್ದ ಮಾನ್ಯುಮೆಂಟಲ್ ಬ್ರಾಂಝ್ ಕಂಪನಿ 1874ರಿಂದ 1914ರವರೆಗೆ ಇವನ್ನು ಎರಕ ಹೊಯ್ದು ಮಾರಿತು. ನೀಲಿ ಛಾಯೆಯ ಬೂದು ಬಣ್ಣ, ಒಳಗೆ ಟೊಳ್ಳು, ಅಕ್ಷರಗಳು ಇಂದಿಗೂ ಚೂಪು. ಕಂಚಿನ ಸುಳಿವೂ ಇಲ್ಲದ ಈ ‘ಕಂಚು’ ಅಗ್ಗದ ಮಾಲೆಂದು ಆಗ ಹಲವರು ಮೂಗು ಮುರಿದರಂತೆ. ಅಕ್ಕಪಕ್ಕದ ಅಮೃತಶಿಲೆಗಳು ಕುರುಡಾಗಿರುವಾಗ ಅದೊಂದೇ ತನ್ನ ಹೆಸರನ್ನು ಸ್ಪಷ್ಟವಾಗಿ ಹೇಳುತ್ತಿರುತ್ತದೆ. ಅದರ ಫಲಕಗಳನ್ನು ತಿರುಪು ಬಿಚ್ಚಿ ತೆಗೆಯಬಹುದಾದ್ದರಿಂದ ಡಬ್ಬಿ ಅಲ್ಲಿರಬಹುದೆಂದು ಊಹಿಸಿ ಕೈಹಾಕುವವರಿದ್ದಾರೆ. ಅಂತಹ ಸ್ಮಾರಕವನ್ನು ಆರಿಸಿದರೆ ‘ಇಲ್ಲಿ ಬಿಚ್ಚುವಂಥದ್ದೇನೂ ಇಲ್ಲ’ ಎಂದು ಪ್ರಶ್ನೆಯಲ್ಲಿಯೇ ಬರೆದುಬಿಡಿ.

ಕೆತ್ತನೆಗಳ ವಿಷಯದಲ್ಲಿ ಪುರಾತತ್ತ್ವಜ್ಞರಾದ ಜೇಮ್ಸ್ ಡೀಟ್ಸ್ ಮತ್ತು ಎಡ್ವಿನ್ ಡೆತ್ಲೆಫ್ಸೆನ್ 1960ರ ದಶಕದಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರದೇಶದ ಸಮಾಧಿಗಳ ಮೇಲೆ ಮಾಡಿದ ಅಧ್ಯಯನ ಪ್ರಸಿದ್ಧವಾದುದು. ರೆಕ್ಕೆಯುಳ್ಳ ತಲೆಬುರುಡೆ ಮೊದಲು, ರೆಕ್ಕೆಯುಳ್ಳ ಎಳೆಯ ಮುಖ ಅನಂತರ, ಚಿತಾಕಲಶ ಮತ್ತು ಜೋಲುಕೊಂಬೆಯ ವಿಲ್ಲೋ ಮರ ಕೊನೆಗೆ. ಸಾವನ್ನು ಕುರಿತ ಜನರ ಭಾವನೆ ಹೇಗೆ ಬದಲಾಯಿತೆಂಬುದನ್ನು ಅವರು ಈ ಕ್ರಮದಲ್ಲಿ ಓದಿದರು. ಒಂದೇ ಸಮಾಧಿಭೂಮಿಯಲ್ಲಿ ಈ ಮೂರೂ ಇದ್ದರೆ ಹುಡುಕಾಟದ ಹಾದಿಯನ್ನು ಅದೇ ಕ್ರಮದಲ್ಲಿ ಎಳೆಯಬಹುದು, ಹುಡುಕುವವರು ಹೆಜ್ಜೆ ಹೆಜ್ಜೆಗೂ ಅರ್ಧ ಶತಮಾನ ದಾಟುತ್ತಾರೆ. ಮುರಿದ ಕಂಬವೆಂದರೆ ಅರ್ಧಕ್ಕೆ ನಿಂತ ಬದುಕು, ಲಂಗರು ಎಂದರೆ ಭರವಸೆ. ಲಂಗರನ್ನು ಕಂಡ ಕೂಡಲೇ ನಾವಿಕನೆಂದು ತೀರ್ಮಾನಿಸುವ ತಪ್ಪನ್ನು ನಾನೂ ಮಾಡಿದ್ದೇನೆ.

ಪದಗಳಲ್ಲಿಯೂ ಇಂತಹ ಸೂಕ್ಷ್ಮಗಳಿವೆ. ಇಂಗ್ಲಿಷಿನ ಹಳೆಯ ಕಲ್ಲುಗಳಲ್ಲಿ ಹೆಂಡತಿಯನ್ನು ‘ಕನ್ಸಾರ್ಟ್’ ಎಂದು ಬರೆದಿದ್ದರೆ ಗಂಡನಿರುವಾಗಲೇ ಆಕೆ ತೀರಿಕೊಂಡಳೆಂದೂ, ‘ರೆಲಿಕ್ಟ್’ ಎಂದಿದ್ದರೆ ವಿಧವೆಯಾಗಿ ತೀರಿಕೊಂಡಳೆಂದೂ ಸಾಮಾನ್ಯವಾಗಿ ಅರ್ಥ. ‘ಈ ದಂಪತಿಯಲ್ಲಿ ಒಂಟಿಯಾಗಿ ಉಳಿದವರು ಯಾರು, ನಿಮಗೆ ಯಾವ ಪದದಿಂದ ತಿಳಿಯಿತು’ ಎಂದು ಕೇಳಿದರೆ, ಗುಣಾಕಾರ ಭಾಗಾಕಾರಗಳಿಲ್ಲದೆಯೇ ಒಂದು ಸಂಸಾರದ ಕಥೆ ತೆರೆದುಕೊಳ್ಳುತ್ತದೆ.

ಸವೆದ ಅಕ್ಷರಗಳನ್ನು ಓದಲು ಶೇವಿಂಗ್ ಕ್ರೀಮ್, ಹಿಟ್ಟು, ಸೀಮೆಸುಣ್ಣ, ತಂತಿಬ್ರಷ್ಷುಗಳನ್ನು ಬಳಸುವವರನ್ನು ಕಂಡರೆ ನಾನು ಸಭ್ಯತೆ ಮರೆಯುತ್ತೇನೆ. ಕ್ರೀಮಿನ ರಾಸಾಯನಿಕ ಕಲ್ಲಿನ ರಂಧ್ರಗಳಲ್ಲಿ ಉಳಿಯುತ್ತದೆ, ಹಿಟ್ಟು ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ, ತಂತಿಬ್ರಷ್ಷಂತೂ ಅಕ್ಷರವನ್ನೇ ಉಜ್ಜಿ ತೆಗೆಯುತ್ತದೆ. ಒಂದು ಸಾಧಾರಣ ಕನ್ನಡಿ ಸಾಕು: ಬಿಸಿಲನ್ನು ಕಲ್ಲಿನ ಮುಖಕ್ಕೆ ಓರೆಯಾಗಿ ಹಾಯಿಸಿದರೆ ತಗ್ಗಿನಲ್ಲಿ ನೆರಳು ಬಿದ್ದು, ಇಲ್ಲವೆಂದುಕೊಂಡಿದ್ದ ಹೆಸರು ಮೂಡಿಬರುತ್ತದೆ. ಮೋಡದ ದಿನವಾದರೆ ಟಾರ್ಚನ್ನು ಪಕ್ಕದಿಂದ ಹಿಡಿದರಾಯಿತು.

ಕೊನೆಯದಾಗಿ ಸುರಕ್ಷತೆ. ಒಂದು ಮೀಟರ್ ಎತ್ತರ, 60 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ದಪ್ಪವಿರುವ ಗ್ರಾನೈಟ್ ಕಲ್ಲು 160 ಕಿಲೋ ತೂಗುತ್ತದೆ. ನೂರು ವರ್ಷಗಳಿಂದ ಮಣ್ಣು ಕುಸಿಯುತ್ತ ಬಂದ ಜಾಗದಲ್ಲಿ ಅದು ಯಾವುದರ ಆಧಾರದ ಮೇಲೆ ನಿಂತಿದೆಯೆಂದು ನೋಡಿದ ಮಾತ್ರಕ್ಕೆ ತಿಳಿಯುವುದಿಲ್ಲ. ವಾಲಿರುವ ಕಲ್ಲುಗಳ ಹತ್ತಿರಕ್ಕೂ ಹಾದಿ ಬಾರದಿರಲಿ.

ಎಂಟಲ್ಲ ಮೂರು ಬರೆದದ್ದು:

ಸಂಖ್ಯೆಗಳನ್ನು ಬಳಸಿಯೇ ತೀರುವವರಿಗೆ ನನ್ನದೊಂದು ಎಚ್ಚರಿಕೆ. ನಾನು ರೂಪಿಸಿದ ಹುಡುಕಾಟದಲ್ಲಿ ಸವೆದ 3 ಒಂದನ್ನು ನಾನೇ 8 ಎಂದು ಓದಿದ್ದೆ. ಅದು ಅಕ್ಷಾಂಶದ ನಿಮಿಷದಲ್ಲಿ (ಡಿಗ್ರಿಯ ಅರವತ್ತನೆಯ ಒಂದು ಭಾಗ) ದಶಮಾಂಶ ಬಿಂದುವಿನ ನಂತರದ ಮೊದಲ ಅಂಕಿಯಾಗಿತ್ತು. ಆ ಸ್ಥಾನದಲ್ಲಿ ಒಂದು ಅಂಕಿ ಎಂದರೆ ನೆಲದ ಮೇಲೆ ಸುಮಾರು 185 ಮೀಟರು. ಐದು ಅಂಕಿಗಳ ತಪ್ಪಿಗೆ ಜನ ಮುಕ್ಕಾಲು ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ ಯಾರದೋ ಖಾಸಗಿ ಜಮೀನಿನ ಬೇಲಿಯ ಮುಂದೆ ನಿಂತಿದ್ದರು. ಅದೇ ತಪ್ಪು ಮೂರನೆಯ ದಶಮಾಂಶ ಸ್ಥಾನದಲ್ಲಾಗಿದ್ದರೆ ಒಂಬತ್ತು ಮೀಟರಿನಲ್ಲಿ ಮುಗಿಯುತ್ತಿತ್ತು.

ಇನ್ನೊಂದು ಬಲೆ ಎರಡು ವರ್ಷಗಳ ಬರಹ. ಬ್ರಿಟನ್ ಮತ್ತು ಅದರ ವಸಾಹತುಗಳು 1752ರಲ್ಲಿ ಗ್ರೆಗೋರಿಯನ್ ಪಂಚಾಂಗಕ್ಕೆ ಬದಲಾದವು. ಅದಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಹೊಸ ವರ್ಷ ಆರಂಭವಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ಹಾಗಾಗಿ ಜನವರಿ, ಫೆಬ್ರವರಿಗಳಲ್ಲಿ ಸತ್ತವರ ಕಲ್ಲಿನ ಮೇಲೆ 1731/2 ಎಂಬಂತೆ ಎರಡೂ ಲೆಕ್ಕಗಳನ್ನು ಕೆತ್ತುತ್ತಿದ್ದರು. ‘ವರ್ಷದ ಕೊನೆಯ ಅಂಕಿಯನ್ನು ತೆಗೆದುಕೊಳ್ಳಿ’ ಎಂದು ನೀವು ಬರೆದರೆ ಯಾವ ಕೊನೆಯ ಅಂಕಿ? ಸಂಖ್ಯೆ ಬಳಸುವುದೇ ಆದರೆ ಎಲ್ಲ ಅಂಕಿಗಳ ಮೊತ್ತವನ್ನು ತಾಳೆ ನೋಡಲೆಂದು ಕೊಟ್ಟುಬಿಡಿ.

ಶಿಲಾವಾಚಕ ಬರೆದದ್ದು:

ಎಲ್ಲರಿಗೂ ವಂದನೆಗಳು. ಡಬ್ಬಿಯ ವಿಷಯವನ್ನು ತೀರ್ಮಾನಿಸಿದ್ದೇನೆ: ಸಮಾಧಿಭೂಮಿಯ ಗೋಡೆಯೊಳಗೆ ಡಬ್ಬಿ ಇರುವುದಿಲ್ಲ. ಜಿಯೋಕ್ಯಾಶಿಂಗಿನ ಪ್ರಮುಖ ಜಾಲತಾಣವು ಡಬ್ಬಿಯಿಲ್ಲದ ಹೊಸ ಹುಡುಕಾಟಗಳನ್ನು ಸ್ವೀಕರಿಸುವುದನ್ನು 2005ರಲ್ಲಿ ನಿಲ್ಲಿಸಿ, 2017ರಲ್ಲಿ ಕೆಲವೇ ಆಟಗಾರರಿಗೆ ಮಾತ್ರ ಮತ್ತೆ ಅವಕಾಶ ಕೊಟ್ಟಿತಾದ್ದರಿಂದ, ಅಲ್ಲಿ ಪ್ರಕಟಿಸಬೇಕೆಂದರೆ ಎಲ್ಲಿಯೋ ಒಂದು ಡಬ್ಬಿ ಬೇಕೇ ಬೇಕು. ಅದನ್ನು ಹೆಬ್ಬಾಗಿಲಿನ ಆಚೆಗಿರುವ ಕಾವಲುಗಾರರ ಕೊಠಡಿಯಲ್ಲಿ, ಅವರ ಮೇಜಿನ ಮೇಲೆಯೇ ಇಡಲು ಸಮಿತಿ ಒಪ್ಪಿದೆ. ಒಳಗಿನ ಹಂತಗಳೆಲ್ಲ ಓದುವ ಹಂತಗಳು. ಎರಡು ಡಬ್ಬಿಗಳ ನಡುವೆ 161 ಮೀಟರ್ ಅಂತರವಿರಬೇಕೆಂಬ ನಿಯಮ ಇಂತಹ ಹಂತಗಳಿಗೆ ಅನ್ವಯಿಸುವುದಿಲ್ಲವಾದ್ದರಿಂದ, ಸಣ್ಣ ಜಾಗದಲ್ಲಿಯೇ ಎಂಟು ಹಂತಗಳನ್ನು ಹೊಂದಿಸಿದ್ದೇನೆ.

ಕೆಲವು ಪ್ರಶ್ನೆಗಳ ಕರಡು ಹೀಗಿದೆ. ಎರಡನೆಯ ಹಂತದಲ್ಲಿ ಒಂದೇ ಕುಟುಂಬದ ಎರಡು ಕಲ್ಲುಗಳು: ಅಪ್ಪನದು ಸ್ಲೇಟು, ಮಗನದು ಅಮೃತಶಿಲೆ, ‘ಮೊದಲು ಸತ್ತವರ ಹೆಸರೇ ಹೆಚ್ಚು ಚೆನ್ನಾಗಿ ಓದಲು ಸಿಗುವುದೇಕೆ’ ಎಂಬುದು ಪ್ರಶ್ನೆ. ಐದನೆಯ ಹಂತ ಯುದ್ಧದಲ್ಲಿ ಮಡಿದವರ ಸಾಲು. 1917ರಲ್ಲಿ ಸ್ಥಾಪನೆಯಾದ ಬ್ರಿಟಿಷ್ ಸಾಮ್ರಾಜ್ಯದ ಯುದ್ಧಸಮಾಧಿಗಳ ಆಯೋಗವು ಅಧಿಕಾರಿಗೂ ಸಿಪಾಯಿಗೂ ಒಂದೇ ಅಳತೆಯ ಕಲ್ಲು ಎಂಬ ನಿಯಮ ಮಾಡಿತು. ಕಲ್ಲಿನ ಬುಡದಲ್ಲಿ ಮನೆಯವರು ತಮ್ಮದೇ ಮಾತು ಬರೆಸಲು 66 ಅಕ್ಷರಗಳ ಮಿತಿ ಇಟ್ಟಿತು. ‘ಈ ಸಾಲಿನಲ್ಲಿ ತಾಯಿಯ ಮಾತೆಂದು ನಿಮಗನಿಸುವ ಕಲ್ಲು ಯಾವುದು’ ಎಂದು ಕೇಳಿದ್ದೇನೆ. ಇದಕ್ಕೆ ಒಂದೇ ಸರಿಯುತ್ತರವಿಲ್ಲ. ಸಾಲನ್ನು ಪೂರ್ತಿ ಓದಿದವರು ಮಾತ್ರ ಉತ್ತರಿಸಬಲ್ಲರು, ನನಗೆ ಅಷ್ಟು ಸಾಕು. ಏಳನೆಯ ಹಂತದಲ್ಲಿ ಯಹೂದಿ ಸಮಾಧಿಯೊಂದರ ಮೇಲಿರುವ ಸಣ್ಣ ಕಲ್ಲುಗಳನ್ನು ಎಣಿಸಲು ಹೇಳಿದ್ದೇನೆ.

ಮೂರನೆಯ ಸಾಲು ಬರೆದದ್ದು:

ಐದನೆಯ ಹಂತವನ್ನು ನಾನು ಎರಡು ಬಾರಿ ಓದಿದೆ. ಆ ಪ್ರಶ್ನೆ ನನ್ನ ಮುತ್ತಜ್ಜಿಯ ಕಲ್ಲಿನ ಮುಂದೆ ಕೇಳಿದ್ದರೂ ನನಗೆ ಬೇಸರವಾಗುತ್ತಿರಲಿಲ್ಲ.

ಏಳನೆಯದನ್ನು ಮಾತ್ರ ಬಿಟ್ಟುಬಿಡಿ. ಆ ಹರಳುಗಳು ಸಮಾಧಿಯ ಭಾಗವಲ್ಲ, ಭೇಟಿಗೆ ಬಂದವರು ‘ಬಂದಿದ್ದೆವು’ ಎಂದು ಇಟ್ಟುಹೋದ ಗುರುತುಗಳು. ನಾಳೆ ಇನ್ನೊಬ್ಬ ಮೊಮ್ಮಗ ಬಂದು ಇನ್ನೊಂದನ್ನು ಇಟ್ಟರೆ ನಿಮ್ಮ ಎಣಿಕೆ ತಪ್ಪುತ್ತದೆ. ಅದಕ್ಕಿಂತ ಮುಖ್ಯವಾಗಿ, ಎಣಿಸುವ ಭರದಲ್ಲಿ ಯಾರಾದರೂ ಒಂದನ್ನು ಉರುಳಿಸಿದರೆ ಯಾರದೋ ಭೇಟಿಯನ್ನೇ ಅಳಿಸಿದಂತೆ.

ಹತ್ತು ಮೀಟರ್ ಬರೆದದ್ದು:

ಒಪ್ಪಿದೆ. ಬದಲಾಗುವ ವಸ್ತುವಿನ ಮೇಲೆ ಪ್ರಶ್ನೆ ಕಟ್ಟಬಾರದೆಂಬುದು ತಾಂತ್ರಿಕವಾಗಿಯೂ ಸರಿಯಾದ ಮಾತು. ಇನ್ನೊಂದು ಸಲಹೆ: ಸಮಾಧಿಭೂಮಿ ತೆರೆದಿರುವ ಸಮಯವನ್ನು ಹುಡುಕಾಟದ ಮೊದಲ ಸಾಲಿನಲ್ಲಿಯೇ ಬರೆಯಿರಿ, ಅಂತ್ಯಕ್ರಿಯೆ ನಡೆಯುತ್ತಿದ್ದರೆ ಹಿಂದಿರುಗಿ ಬೇರೆ ದಿನ ಬರಬೇಕೆಂಬುದನ್ನು ಎರಡನೆಯ ಸಾಲಿನಲ್ಲಿ. ಕೆಳಗೆ ಬರೆದದ್ದನ್ನು ಹುಡುಕುವವರು ಓದುವುದಿಲ್ಲ, ಅವರ ಕಣ್ಣೆಲ್ಲ ನಿರ್ದೇಶಾಂಕದ ಮೇಲಿರುತ್ತದೆ.

ಶಿಲಾವಾಚಕ ಬರೆದದ್ದು:

ಏಳನೆಯ ಹಂತವನ್ನು ತೆಗೆದಿದ್ದೇನೆ. ಆ ಜಾಗಕ್ಕೆ ಪಾಚಿಗಣ್ಣು ಅವರು ಹೇಳಿದ ‘ಕನ್ಸಾರ್ಟ್’, ‘ರೆಲಿಕ್ಟ್’ ಜೋಡಿಯೊಂದು ನಕಾಶೆಯಲ್ಲಿಯೇ ಸಿಕ್ಕಿತು: ಒಬ್ಬನೇ ಗಂಡ, ಇಬ್ಬರು ಹೆಂಡಂದಿರು, ಮೂರು ಕಲ್ಲುಗಳು, ಮೊದಲನೆಯವಳ ಕಲ್ಲಿನ ಮೇಲೆ ಒಂದು ಪದ, ಎರಡನೆಯವಳ ಮೇಲೆ ಇನ್ನೊಂದು. ಈ ಭಾನುವಾರ, ಹುಡುಕಾಟದ ಪರಿಚಯವೇ ಇಲ್ಲದ ಇಬ್ಬರನ್ನು ಕನ್ನಡಿಯೊಂದಿಗೆ ಒಳಗೆ ಕಳುಹಿಸಿ, ನಾನು ದೂರದ ಬೆಂಚಿನ ಮೇಲೆ ಕುಳಿತು, ಅವರು ಎಲ್ಲೆಲ್ಲಿ ನಿಲ್ಲುತ್ತಾರೆ, ಎಲ್ಲೆಲ್ಲಿ ಕೈಚಾಚುತ್ತಾರೆ ಎಂದು ಗುರುತು ಹಾಕಿಕೊಳ್ಳಲಿದ್ದೇನೆ. ಅವರ ಕೈ ಕಲ್ಲಿಗೆ ತಗುಲಿದ ಹಂತವನ್ನು ಮತ್ತೆ ಬರೆಯುತ್ತೇನೆ.